ಎಲಿಸಾಯ ಮುಂದೆ ನಡೆದ ದಿನ

ಎಲ್ಲಕ್ಕೂ ಕಾರಣ ಆ ನೀಲಿ ಬಟ್ಟೆ.

ಜೂನ್ ಒಂದರ ಬಾವುಟದ ಹಬ್ಬಕ್ಕೆ ಈ ವರ್ಷ ಮನೆಮಂದಿಯೆಲ್ಲ ಆಪಿಯಾ ಪಟ್ಟಣಕ್ಕೆ ಹೋಗುವುದು ಎಂದು ತೀರ್ಮಾನವಾದದ್ದೇ ತಡ, ಫುವಾಟಿನೊ ತನ್ನ ಗಂಡ ಎಲಿಸಾಯನಿಗೆ ಅಪ್ಪಣೆ ಮಾಡಿದಳು: “ಎಲ್ಲರಿಗೂ ಒಂದೇ ಥಾನಿನ ಬಟ್ಟೆ ತಗೊಂಬಾ. ಸಮೋವಾ ಸ್ವತಂತ್ರ ಆಗಿ ಇಷ್ಟು ವರ್ಷ ಆಯ್ತು. ನಮ್ಮನೆಯವರು ಒಂದು ಸಲವಾದ್ರೂ ಒಂದೇ ಥರ ಉಟ್ಕೊಂಡು ನಾಲ್ಕು ಜನರ ಎದುರು ನಿಂತಿದ್ದೀವಾ?”

ಎಲಿಸಾಯ ಕೆಸವಿನ ತೋಟದವನು. ಎತ್ತರ ನೋಡಿದರೆ ತೆಂಗಿನ ಮರ. ನಡಿಗೆ ನೋಡಿದರೆ ಆ ಮರದಿಂದ ಈಗಷ್ಟೇ ಬಿದ್ದವನ ಹಾಗೆ. ಎತ್ತರದವರು ಹಿಂದೆ ನಿಲ್ಲಿ ಎಂದು ಶಾಲೆಯಲ್ಲಿ ಮೇಷ್ಟರು ಹೇಳಿದ ಮಾತನ್ನು ಜೀವನಪೂರ್ತಿ ಪಾಲಿಸಿಕೊಂಡು ಬಂದವನು. ಮದುವೆಯ ಫೋಟೋದಲ್ಲೂ ಅವನು ಹೆಂಡತಿಯ ಚಿಕ್ಕಪ್ಪಂದಿರ ಹಿಂದೆ ಇದ್ದಾನೆ. ಇಗರ್ಜಿಯಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಪಕ್ಕದ ಮನೆಯ ಸಾಕಾರಿಯನ ಬೆನ್ನಿಗೆ ಹಾಡುತ್ತಾನೆ. ಆ ಬೆನ್ನು ಎಂಥದೆಂದರೆ ಎಲಿಸಾಯನ ಹಾಡು ಅದನ್ನು ದಾಟಿ ದೇವರಿಗೆ ಮುಟ್ಟಿದ್ದು ಇನ್ನೂ ಖಾತ್ರಿಯಿಲ್ಲ.

ಆಪಿಯಾದ ಅಂಗಡಿಯವನು ಮೇಲಿನ ಹಲಗೆಯಿಂದ ಒಂದು ಥಾನು ಇಳಿಸಿದ. ಕಡಲಿನ ನೀಲಿ, ಅದರ ಮೇಲೆ ಬಿಳಿಯ ದೇವಕಣಗಿಲೆ ಹೂ. “ಯಾರೋ ದೊಡ್ಡವರು ಹೇಳಿ ಮಾಡಿಸಿದ್ದು. ಇಷ್ಟು ಮಿಕ್ಕಿದೆ. ಇಡೀ ದ್ವೀಪ ಹುಡುಕಿದ್ರೂ ಇನ್ನೊಬ್ಬರ ಮೈಮೇಲೆ ಇದು ಕಾಣಿಸಿದ್ರೆ ನನ್ನ ಕಿವಿ ಹಿಡೀರಿ,” ಎಂದ. ಎಲಿಸಾಯ ನಂಬಿದ. ಅವನು ಯಾರು ಏನು ಹೇಳಿದರೂ ನಂಬುವವನು.

ಹಬ್ಬದ ಬೆಳಗ್ಗೆ ಮನೆಯವರೆಲ್ಲ ನೀಲಿಯಾಗಿ ನಿಂತರು. ಎಲಿಸಾಯನಿಗೆ ಅಂಗಿ ಮತ್ತು ಸೊಂಟಕ್ಕೆ ಸುತ್ತುವ ಲಾವಾಲಾವಾ, ಫುವಾಟಿನೊಗೂ ಮಗಳು ಪೆನಿನಾಗೂ ಉದ್ದನೆಯ ಲಂಗ ಮತ್ತು ರವಿಕೆ, ಇಬ್ಬರು ಗಂಡುಹುಡುಗರಿಗೆ ಅಂಗಿ. ಎಲ್ಲಕ್ಕಿಂತ ಹೆಚ್ಚು ಬಟ್ಟೆ ಹಿಡಿದದ್ದು ಅತ್ತೆ ಮೊಯೆಲಾಂಗಿಗೆ. ಆಕೆ ಉಟ್ಟು ನಿಂತಾಗ ಮನೆಯೊಳಗೇ ಕಡಲು ಬಂದ ಹಾಗಾಯಿತು.

ಅವರ ಹಳ್ಳಿಯಲ್ಲಿ ಮನೆಗಳಿಗೆ ಕಂಬಗಳಿವೆ, ಸೂರಿದೆ, ಗೋಡೆಯಿಲ್ಲ. ಹಾಗಾಗಿ ಸಾಕಾರಿಯ ತನ್ನ ಚಾಪೆಯಿಂದ ಏಳದೆಯೇ ಎಲ್ಲವನ್ನೂ ನೋಡಿದ.

“ಏನಪ್ಪಾ ಎಲಿಸಾಯ, ಯಾವ ಹೋಟೆಲಿನ ಪರದೆ ಬಿಚ್ಚಿದೆ?”

“ಹಬ್ಬಕ್ಕೆ ಹೊರಟಿದ್ದೀವಿ ಸಾಕಾರಿಯ. ನೀನೂ ಬಾ.”

“ನಾನ್ಯಾಕೆ ಬರಲಿ? ಮನೇಲಿ ಇಷ್ಟು ದೊಡ್ಡ ಟೀವಿ ಇದೆ. ಬಾವುಟದ ನಕ್ಷತ್ರ ಒಂದೊಂದೂ ಬ್ರೆಡ್ಡಿನ ಗಾತ್ರ ಕಾಣತ್ತೆ. ನೀನು ಅಲ್ಲಿ ಹೋಗಿ ಯಾವುದಾದ್ರೂ ಮರದ ಹಿಂದೆ ನಿಂತ್ಕೊಂಡು ಮರ ನೋಡ್ಕೊಂಡು ಬಾ.”

ಮೊಯೆಲಾಂಗಿ ಅಳಿಯನ ಕಡೆ ತಿರುಗಿ, “ಅವನು ಹೇಳಿದ್ರಲ್ಲಿ ತಪ್ಪೇನಿದೆ? ನನ್ನ ಇನ್ನೊಬ್ಬ ಅಳಿಯ ಆಗಿದ್ರೆ ವೇದಿಕೆ ಪಕ್ಕದಲ್ಲೇ ಕೂರಿಸ್ತಿದ್ದ,” ಎಂದಳು. ಆ ಇನ್ನೊಬ್ಬ ಅಳಿಯ ಆಕ್ಲೆಂಡಿನಲ್ಲಿದ್ದ. ದೂರದಲ್ಲಿದ್ದುದರಿಂದ ಅವನಿಗೆ ಮಾಡಲಾಗದ ಕೆಲಸವೇ ಇರಲಿಲ್ಲ.

ಎಲಿಸಾಯ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದ. ದಾರಿಯಲ್ಲಿ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಟ್ಟ ಇಳಿಯುವಾಗ ಕಡಲಿನ ಮೇಲೆ ಬೆಳಕು ಹರಿಯುವುದನ್ನು ನೋಡುತ್ತ, ಇವತ್ತು ಹೇಗಾದರೂ ಮಾಡಿ ಮಕ್ಕಳಿಗೆ ಮುಂದಿನ ಸಾಲಿನಿಂದ ಬಾವುಟ ತೋರಿಸಬೇಕು ಎಂದುಕೊಂಡ.

ಮುಲಿನೂ ಬಯಲು ತಲಪಿದರೆ ಮುಂದಿನ ಸಾಲು ಹೋಗಲಿ, ಹಿಂದಿನ ಸಾಲಿನಲ್ಲೂ ಜಾಗವಿಲ್ಲ. ಮರಗಳ ಮೇಲೆ ಜನ, ಗಾಡಿಗಳ ಮೇಲೆ ಜನ. ಎಲಿಸಾಯ ಕತ್ತು ಚಾಚಿ ದಾರಿ ಹುಡುಕುತ್ತಿದ್ದಾಗ ತೆಳ್ಳನೆಯ ಅಧಿಕಾರಿಯೊಬ್ಬ ಕೈಯಲ್ಲಿ ಧ್ವನಿವರ್ಧಕ ಹಿಡಿದು ನೇರವಾಗಿ ಅವನ ಕಿವಿಯೊಳಗೇ ಕೂಗಿದ: “ನೀಲಿಯವರು! ಇಲ್ಲಿ ಏನು ಮಾಡ್ತಿದ್ದೀರಿ? ನಿಮ್ಮ ಜಾಗ ಅಲ್ಲಿ! ಓಡಿ!”

“ಸ್ವಾಮಿ, ನಾವು...”

“ಓಡಿ ಅಂದೆ!”

ಓಡಿದರು. ವೇದಿಕೆಯ ಎಡಕ್ಕೆ ಒಂದು ಚಪ್ಪರ. ಅದರ ಕೆಳಗೆ ಕುರ್ಚಿಗಳು. ಕುರ್ಚಿಗಳ ಮೇಲೆ ಕಡಲಿನ ನೀಲಿಯ ಮೇಲೆ ಬಿಳಿಯ ದೇವಕಣಗಿಲೆ ಹೂ ಧರಿಸಿದ ಗಂಡಸರು, ಹೆಂಗಸರು. ಎಲಿಸಾಯ ನಿಂತಲ್ಲೇ ನಿಂತ. ಅಂಗಡಿಯವನ ಕಿವಿ ಎಷ್ಟು ದೂರದಲ್ಲಿದೆ ಎಂದು ಯೋಚಿಸಿದ.

ಸಿಯೆನಿ ಎಂಬ ಗುಮಾಸ್ತೆ ಎದ್ದು ಬಂದಳು. “ಅಬ್ಬಾ, ಬಂದ್ರಾ! ಸವಾಯಿ ದ್ವೀಪದ ಶಾಖೆಯವರು ತಾನೇ? ದೋಣಿ ತಪ್ಪಿಹೋಯ್ತು ಅಂತ ಸುದ್ದಿ ಬಂದಿತ್ತು. ಹೇಗೆ ಬಂದ್ರಿ?”

“ಇಲ್ಲಮ್ಮ, ನಾವು ಆ ಶಾಖೆ...” ಎಂದು ಎಲಿಸಾಯ ಶುರುಮಾಡಿದ.

“ಹೇಗೋ ಬಂದ್ವಿ,” ಎಂದಳು ಫುವಾಟಿನೊ. ಅವಳ ಕಣ್ಣು ಆಗಲೇ ಕುರ್ಚಿಗಳ ಹಿಂದಿನ ಮೇಜಿನ ಮೇಲಿತ್ತು. ಅಲ್ಲಿ ಎಳನೀರು, ಬೇಯಿಸಿದ ದೀವಿ ಹಲಸು, ತೆಂಗಿನ ಹಾಲಿನಲ್ಲಿ ಬೆಂದ ಕೆಸವಿನೆಲೆಯ ಪೊಟ್ಟಣಗಳು ಇದ್ದವು. “ಮಕ್ಕಳನ್ನೂ ಕರ್ಕೊಂಡು ಬಂದಿದ್ದೀವಿ. ಪರವಾಗಿಲ್ವಾ?”

“ಪರವಾಗಿಲ್ಲ ಏನು, ಉಪಕಾರ! ನಮ್ಮ ಸಾಲು ಬೋಳಾಗಿತ್ತು.”

ಎಲಿಸಾಯ ಹೆಂಡತಿಯ ಕಿವಿಯಲ್ಲಿ, “ಇದು ಸುಳ್ಳು,” ಎಂದ.

“ನಾನೇನಾದ್ರೂ ಸವಾಯಿಂದ ಬಂದೆ ಅಂದ್ನಾ? ಹೇಗೋ ಬಂದ್ವಿ ಅಂದೆ. ಹೇಗೋ ಬಂದಿದ್ದು ನಿಜ ತಾನೇ? ಕೂತ್ಕೋ.”

ಅಷ್ಟರಲ್ಲಿ ಮೊಯೆಲಾಂಗಿ ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯನ್ನು ತುಂಬಿಕೊಂಡು ಕೂತು, ಎಳನೀರು ಕೇಳಿ ತರಿಸಿಕೊಂಡು, ಪಕ್ಕದವರಿಗೆ ಇಲಾಖೆಯಲ್ಲಿ ಈಗ ಮೊದಲಿನ ಹಾಗೆ ಕೆಲಸಗಾರರಿಲ್ಲ ಎಂದು ಹೇಳಲು ತೊಡಗಿದ್ದಳು. ಯಾವ ಇಲಾಖೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಫಲಕ ಬಂದಾಗ. ಎರಡಾಳು ಉದ್ದದ ಕೋಲಿನ ಮೇಲೆ ದೊಡ್ಡ ಹಲಗೆ. ಅದರಲ್ಲಿ ಕೊಂಬು ಎತ್ತಿ ನಿಂತ ಒಂದು ಭಾರಿ ದುಂಬಿ. ಕೆಳಗೆ ‘ತೆಂಗಿನ ದುಂಬಿ ನಿಗ್ರಹ ಇಲಾಖೆ’ ಎಂದು ಬರೆದಿತ್ತು.

ಬಾವುಟ ಏರಿತು. ಕೆಂಪು ಬಟ್ಟೆ ಗಾಳಿಗೆ ಬಿಚ್ಚಿಕೊಂಡು, ನೀಲಿಯ ಮೂಲೆಯಲ್ಲಿ ಬಿಳಿಯ ನಕ್ಷತ್ರಗಳು ಕಂಡಾಗ ಇಡೀ ಬಯಲು ಹಾಡಿತು. ಎಲಿಸಾಯನೂ ಹಾಡಿದ. ಮುಂದೆ ಯಾರ ಬೆನ್ನೂ ಇರಲಿಲ್ಲ. ತನ್ನ ದನಿ ಹೊರಗೆ ಹೋಗಿ ಗಾಳಿಗೆ ಸೇರುವುದನ್ನು ಅವನು ಮೊದಲ ಸಲ ಕೇಳಿಸಿಕೊಂಡ. ಅದು ಅಷ್ಟೇನೂ ಕೆಟ್ಟ ದನಿಯಲ್ಲ. ಪೆನಿನಾ ತಿರುಗಿ ಅಪ್ಪನ ಮುಖ ನೋಡಿದಳು.

ಇಷ್ಟಕ್ಕೇ ಮುಗಿದಿದ್ದರೆ ಹೊಟ್ಟೆ ತುಂಬ ತಿಂದು ಮನೆಗೆ ಹೋಗಬಹುದಿತ್ತು. ಆದರೆ ಧ್ವನಿವರ್ಧಕದ ಅಧಿಕಾರಿ ಮತ್ತೆ ಬಂದ.

“ದುಂಬಿಯವರೇ, ಸಾಲು ಹಿಡೀರಿ! ಮೆರವಣಿಗೆಯಲ್ಲಿ ಮೊದಲು ನೀವೇ. ನಿಮ್ಮ ನಿರ್ದೇಶಕರೆಲ್ಲಿ?”

“ಅವರ ಕಾರು ಆಚೆ ಸೇತುವೆ ಹತ್ತಿರ ಸಿಕ್ಕಿಹಾಕ್ಕೊಂಡಿದೆ,” ಎಂದಳು ಸಿಯೆನಿ, ಅಳುವ ದನಿಯಲ್ಲಿ. “ಫಲಕ ಹಿಡಿದು ಮುಂದೆ ನಡೆಯೋರು ಅವರೇ.”

“ಕಾಯೋಕೆ ಆಗಲ್ಲ. ಬೇರೆ ಯಾರಾದ್ರೂ...” ಅಧಿಕಾರಿಯ ಕಣ್ಣು ಸಾಲಿನ ಮೇಲೆ ಹರಿದು ಹೋಗಿ, ಎಲ್ಲರಿಗಿಂತ ಒಂದು ತಲೆ ಮೇಲಿದ್ದ ತಲೆಯ ಮೇಲೆ ನಿಂತಿತು. ಎಲಿಸಾಯ ಮೊಣಕಾಲು ಬಗ್ಗಿಸಿ ಕುಳ್ಳಗಾಗಲು ನೋಡಿದ. ತಡವಾಗಿತ್ತು. “ನೀವು! ಸವಾಯಿಯವರು! ಬನ್ನಿ!”

“ಸ್ವಾಮಿ, ನಾನು ದುಂಬಿಯವನಲ್ಲ. ನಾನು ಕೆಸು ಬೆಳೆಯೋನು.”

“ದುಂಬಿ ಆದ ಮೇಲೆ ಕೆಸು ಬೆಳೀರಿ. ಈಗ ಹಿಡೀರಿ!”

ಫಲಕ ಅವನ ಕೈಗೆ ಬಂತು. ಅಧಿಕಾರಿ ಒಂದೇ ಉಸಿರಿಗೆ ಹೇಳಿದ: “ನೇರ ನಡೀರಿ, ವೇದಿಕೆ ಮುಂದೆ ಮುಖ ಬಲಕ್ಕೆ, ದಾಟಿದ ಮೇಲೆ ಎಡಕ್ಕೆ ತಿರುಗಿ ಹಲಸಿನ ಮರದಡಿ ನಿಲ್ಲಿ. ಎದೆ ಮುಂದೆ! ಗಲ್ಲ ಮೇಲೆ! ಕಣ್ಣು ಮೇಲೆ!”

ಇಷ್ಟರಲ್ಲಿ ಎಲಿಸಾಯನ ತಲೆಯಲ್ಲಿ ನಿಂತದ್ದು ಕೊನೆಯ ಮೂರು ಮಾತು ಮಾತ್ರ.

ಡೋಲಿಗೆ ಪೆಟ್ಟು ಬಿತ್ತು. ಮೊದಲ ನಾಲ್ಕು ಹೆಜ್ಜೆ ಅವನು ಕೆಸರಿನಲ್ಲಿ ನಡೆದ ಹಾಗೆ ನಡೆದ. ಆಮೇಲೆ ಏನಾಯಿತೋ. ಹಿಂದಿನಿಂದ ಪೆನಿನಾ, “ಅಪ್ಪಾ, ಎಲ್ರೂ ನಿನ್ನನ್ನೇ ನೋಡ್ತಿದ್ದಾರೆ!” ಎಂದಳು. ಎಲಿಸಾಯ ಎದೆಯನ್ನು ಮುಂದೆ ತಂದ. ಇಷ್ಟು ವರ್ಷ ಬಳಸದೆ ಇಟ್ಟಿದ್ದ ಎದೆ. ಹೊಸದರ ಹಾಗೇ ಇತ್ತು. ಗಲ್ಲ ಎತ್ತಿದ. ಬೆನ್ನು ನೆಟ್ಟಗಾಯಿತು. ಗಾಳಿ ಹಲಗೆಯನ್ನು ಹಿಡಿದೆಳೆದಷ್ಟೂ ಅವನ ಕೈ ಬಿಗಿಯಾಯಿತು. ವೇದಿಕೆಯ ಮುಂದೆ, ಯಾರೋ ಚಪ್ಪಾಳೆ ತಟ್ಟಿದ ಕಡೆಗೆ ಅವನು ಮುಖ ತಿರುಗಿಸಿದಾಗ ಅಲ್ಲಿದ್ದ ದೊಡ್ಡವರೆಲ್ಲ ತಮಗರಿವಿಲ್ಲದೆ ನೆಟ್ಟಗೆ ಕೂತರು. ಟೀವಿಯ ಕ್ಯಾಮೆರಾ ಆಗ ಆ ದೊಡ್ಡವರ ಮೇಲಿತ್ತು, ನಡೆಯುವವರ ಮೇಲಲ್ಲ. ದುಂಬಿ ಇಲಾಖೆಯವರು, ಇಂಥವನನ್ನು ಇಷ್ಟು ದಿನ ಸವಾಯಿಯಲ್ಲಿ ಯಾಕೆ ಬಚ್ಚಿಟ್ಟಿದ್ದರು ಎಂದು ಪಿಸುಗುಟ್ಟಿಕೊಂಡು, ಅವನ ಹೆಜ್ಜೆಗೆ ಹೆಜ್ಜೆ ಹಾಕಿದರು.

ವೇದಿಕೆ ದಾಟಿತು. ಎಡಕ್ಕೆ ತಿರುಗುವ ಜಾಗ ಬಂತು. ಅಲ್ಲಿದ್ದ ಪೊಲೀಸಿನವನು ಎಡಗೈ ಚಾಚಿದ್ದ. ಆದರೆ ಎಲಿಸಾಯನ ಕಣ್ಣು ಮೇಲಿತ್ತಲ್ಲ, ಅವನಿಗೆ ಆಕಾಶದಲ್ಲಿ ಎಡ ಬಲ ಕಾಣಲಿಲ್ಲ. ಬಯಲಿನ ಗೇಟು ತೆರೆದಿತ್ತು. ಎಲಿಸಾಯ ನೇರವಾಗಿ ಗೇಟು ದಾಟಿ ಕಡಲ ದಂಡೆಯ ರಸ್ತೆಗೆ ಇಳಿದ.

ದುಂಬಿ ಇಲಾಖೆ ಅವನ ಹಿಂದೆ ಇಳಿಯಿತು. ಅದರ ಹಿಂದೆ ಬರುತ್ತಿದ್ದ ಹೆಣ್ಣುಮಕ್ಕಳ ಶಾಲೆ, ಮುಂದಿನವರು ಹೋದರೆಂದರೆ ಕಾರಣವಿರಬೇಕು ಎಂದು ಇಳಿಯಿತು. ದಾದಿಯರು ಇಳಿದರು. ಡೋಲಿನವರು, ನಾವಿಲ್ಲದೆ ಇವರು ಹೇಗೆ ನಡೆದಾರು ಎಂದು ಹಿಂದೆ ಬಿದ್ದರು. ಕೊನೆಯಲ್ಲಿ ಅಗ್ನಿಶಾಮಕ ದಳದ ಕೆಂಪು ಲಾರಿಯೂ ತಿರುಗಿತು. ಅತ್ತೆ ಮೊಯೆಲಾಂಗಿ ಕುರ್ಚಿ ಬಿಟ್ಟು, “ನನ್ನ ಮನೆಯವರು ಹೋಗ್ತಿದ್ದಾರೆ!” ಎಂದು ಅದರ ಮುಂದೆ ಅಡ್ಡ ನಿಂತಳು. ಆಕೆ ಅಡ್ಡ ನಿಂತರೆ ರಸ್ತೆ ಇರುವುದಿಲ್ಲ. ದಳದವರು ನಾಲ್ವರು ಸೇರಿ ಆಕೆಯನ್ನು ಎತ್ತಿ ಲಾರಿಯ ಮೇಲೆ ಕೂರಿಸಿ, ಬಿಸಿಲಿಗೆಂದು ತಲೆಗೊಂದು ಹೆಲ್ಮೆಟ್ ಇಟ್ಟರು.

ಬಯಲಿನಲ್ಲಿ ಧ್ವನಿವರ್ಧಕ ಕೂಗುತ್ತಲೇ ಇತ್ತು: “ಎಡಕ್ಕೆ! ಎಡಕ್ಕೆ!” ಡೋಲಿನ ಸದ್ದಿನಲ್ಲಿ ಅದು ಹುರಿದುಂಬಿಸುವ ಘೋಷಣೆಯ ಹಾಗೆ ಕೇಳಿಸಿತು. ಶಾಲೆಯ ಹುಡುಗಿಯರು ತಾವೂ “ಎಡಕ್ಕೆ! ಎಡಕ್ಕೆ!” ಎಂದು ಕೂಗುತ್ತ ನೇರವಾಗಿ ನಡೆದರು.

ಆ ರಸ್ತೆಯಲ್ಲಿ ಹಬ್ಬದ ದಿನ ಯಾರೂ ಮೆರವಣಿಗೆ ನೋಡಿದವರಲ್ಲ. ಮೀನು ಮಾರುಕಟ್ಟೆಯ ಹೆಂಗಸರು ಮೀನು ಬಿಟ್ಟು ಬಯಲಿಗೆ ಹೋಗುವ ಹಾಗಿರಲಿಲ್ಲ. ಬಸ್ ನಿಲ್ದಾಣದ ಕೆಸವಿನ ಗೆಡ್ಡೆಯವರು, ಹಡಗಿನ ಕೂಲಿಗಳು, ಬಾಣಂತಿಯರು, ಮುದುಕರು, ಎಲ್ಲ ಪ್ರತಿವರ್ಷ ದೂರದ ಡೋಲಿನ ಸದ್ದನ್ನಷ್ಟೇ ಕೇಳಿಕೊಂಡು ಇದ್ದವರು. ಈಗ ಡೋಲೇ ಮನೆಬಾಗಿಲಿಗೆ ಬಂತು.

“ಬಂದ್ರು! ನಮ್ಮ ಕಡೆ ಬಂದ್ರು ಕಣ್ರೇ!” ಎಂದು ಯಾರೋ ಕೂಗಿದಳು. ಮೀನಿನ ಕೈ ಒರೆಸಿಕೊಂಡು ಹೆಂಗಸರು ಓಡಿಬಂದರು. ಒಬ್ಬಳು ತನ್ನ ಕೊರಳಿನ ಹೂವಿನ ಹಾರ ತೆಗೆದು ಎಲಿಸಾಯನ ಕೊರಳಿಗೆ ಹಾಕಿದಳು. ಇನ್ನೊಬ್ಬಳು ಹಾಕಿದಳು. ಮತ್ತೊಬ್ಬಳು. ಎಲಿಸಾಯನ ಗಲ್ಲ ಮುಚ್ಚಿತು, ಬಾಯಿ ಮುಚ್ಚಿತು, ಮೂಗು ಮುಚ್ಚಿತು; ಹೂವಿನ ಬೇಲಿಯ ಮೇಲೆ ಎರಡು ಕಣ್ಣು ಉಳಿದವು.

ಆ ಕಣ್ಣಿಗೆ ಒಂದು ಹಳೆಯ ಮನೆಯ ಜಗಲಿ ಕಂಡಿತು. ಜಗಲಿಯಲ್ಲಿ ತುಂಬ ವಯಸ್ಸಾದ ಒಬ್ಬ ಅಜ್ಜ ರೇಡಿಯೋ ಕಿವಿಗೆ ಹಿಡಿದು ಕೂತಿದ್ದ. ಮೊಟ್ಟಮೊದಲ ಸಲ ಬಾವುಟ ಏರಿದ ದಿನ ಅಪ್ಪನ ಹೆಗಲ ಮೇಲೆ ಕೂತು ನೋಡಿದವನಿರಬೇಕು. ಮೆರವಣಿಗೆ ಕಂಡು ಅವನು ರೇಡಿಯೋ ಕೆಳಗಿಟ್ಟ. ಕಂಬ ಹಿಡಿದ. ಸೊಸೆ ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ, ಅಲುಗುವ ಕಾಲುಗಳ ಮೇಲೆ ಎದ್ದು ನಿಂತು, ಹಣೆಗೆ ಕೈ ಇಟ್ಟ.

ಎಲಿಸಾಯನಿಗೆ ಇಷ್ಟು ಹೊತ್ತು ತಾನು ನಡೆಯುತ್ತಿದ್ದುದು ದುಂಬಿಯ ಹಲಗೆ ಹಿಡಿದು ಎಂಬುದೇ ಮರೆತುಹೋಗಿ, ಇಡೀ ದೇಶವನ್ನೇ ಎತ್ತಿ ಹಿಡಿದಿದ್ದೇನೆ ಅನ್ನಿಸಿತು. ಅವನು ಜಗಲಿಯ ಮುಂದೆ ನಿಂತ. ಅವನ ಹಿಂದೆ ಎಲ್ಲರೂ ನಿಂತರು. ಡೋಲು ಸುಮ್ಮನಾಯಿತು. ಎಲಿಸಾಯ ಹಲಗೆಯನ್ನು ಅಜ್ಜನಿಗೆ ಬಾಗಿಸಿದ. ದುಂಬಿ ತಲೆ ತಗ್ಗಿಸಿತು. ಯಾರೂ ನಗಲಿಲ್ಲ. ಅಜ್ಜ ಅಳುತ್ತಿದ್ದ, ಸೊಸೆ ಅಳುತ್ತಿದ್ದಳು, ಮೀನಿನವರೆಲ್ಲ ಅಳುತ್ತಿದ್ದರು. ಟೀವಿಯ ಕ್ಯಾಮೆರಾ ಹೊತ್ತವನೊಬ್ಬ ಓಡಿಬಂದು, ಅಳುತ್ತಲೇ ಚಿತ್ರ ಹಿಡಿದ.

ಮತ್ತೆ ಡೋಲು. ಮತ್ತೆ ಹೆಜ್ಜೆ. ಬಸ್ ನಿಲ್ದಾಣದಲ್ಲಿ ರಸ್ತೆ ಮುಗಿಯಿತು, ಮುಂದೆ ಕಡಲು. ಎಲಿಸಾಯ ಅಲ್ಲಿ ನಿಂತು ಮೊದಲ ಸಲ ಹಿಂದಕ್ಕೆ ತಿರುಗಿ ನೋಡಿದ.

ದಾದಿಯರು. ಶಾಲೆ. ಡೋಲಿನವರು. ಅಗ್ನಿಶಾಮಕ ಲಾರಿ. ಲಾರಿಯ ಮೇಲೆ ಹೆಲ್ಮೆಟ್ ಧರಿಸಿ ಎರಡೂ ಕಡೆಗೆ ಕೈ ಬೀಸುತ್ತಿರುವ ತನ್ನ ಅತ್ತೆ.

“ಫುವಾಟಿನೊ,” ಎಂದ ಅವನು ಹೂವಿನೊಳಗಿಂದ, “ಇವರೆಲ್ಲ ಯಾಕೆ ಬಂದ್ರು?”

“ನೀನು ಬಂದೆ, ಅದಕ್ಕೆ ಬಂದ್ರು.”

“ಹಲಸಿನ ಮರ ಎಲ್ಲಿ?”

“ಯಾವ ಹಲಸಿನ ಮರ?”

ಎಲಿಸಾಯನಿಗೆ ಅಧಿಕಾರಿ ಹೇಳಿದ್ದು ಪೂರ್ತಿಯಾಗಿ ನೆನಪಾಯಿತು. ದೂರದಲ್ಲಿ, ಗುಂಪಿನ ಆಚೆ, ಧ್ವನಿವರ್ಧಕ ಸಮೀಪಿಸುತ್ತಿತ್ತು. ದನಿ ಒಡೆದುಹೋಗಿತ್ತು: “ಯಾರು... ಯಾರವನು... ಹಿಡೀರಿ...”

ಅವನು ಹಲಗೆಯನ್ನು ಕೆಸವಿನ ಗೆಡ್ಡೆಗಳ ರಾಶಿಗೆ ಒರಗಿಸಿದ. ಹಾರಗಳನ್ನೆಲ್ಲ ತೆಗೆದು ದುಂಬಿಯ ಕೊರಳಿಗೆ ಹಾಕಿದ. ಅತ್ತೆಯನ್ನು ಲಾರಿಯಿಂದ ಇಳಿಸಿ, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೊರಡುತ್ತಿದ್ದ ತಮ್ಮೂರ ಕಡೆಯ ಬಸ್ಸಿಗೆ ನುಗ್ಗಿದ.

ಬಸ್ಸು ಬೆಟ್ಟ ಹತ್ತುವಾಗ ಚಾಲಕ ಹಾಡು ನಿಲ್ಲಿಸಿ ರೇಡಿಯೋ ಹಾಕಿದ. “ಇಂದು ಬೆಳಗ್ಗೆ ಮೆರವಣಿಗೆಯನ್ನು ಮೀನು ಮಾರುಕಟ್ಟೆಯ ಕಡೆಗೆ ಕೊಂಡೊಯ್ದ ವ್ಯಕ್ತಿಯ ಗುರುತು ಬಲ್ಲವರು ಕೂಡಲೇ ಹಬ್ಬದ ಸಮಿತಿಗಾಗಲಿ ಹತ್ತಿರದ ಪೊಲೀಸ್ ಠಾಣೆಗಾಗಲಿ ತಿಳಿಸಬೇಕಾಗಿ ಕೋರಿಕೆ.”

“ಒಳಗೆ ಹಾಕ್ತಾರೆ ಅವನ್ನ,” ಎಂದ ಹಿಂದಿನ ಸೀಟಿನವನು.

“ಹಾಕ್ದೇ ಇರ್ತಾರಾ? ಬಾವುಟದ ದಿನ ಸರ್ಕಾರಾನೇ ಮೀನಂಗಡಿಗೆ ನಡೆಸ್ಕೊಂಡು ಹೋದ ಅಂದ್ರೆ!” ಎಂದ ಇನ್ನೊಬ್ಬ.

ಎಲಿಸಾಯನ ಮುಖ ಒಡೆದ ತೆಂಗಿನಕಾಯಿಯ ಒಳಗಿನಂತೆ ಬಿಳಿಚಿತು. ಫುವಾಟಿನೊ ಮಕ್ಕಳ ತಲೆಗಳನ್ನು ಹತ್ತಿರಕ್ಕೆ ಎಳೆದು ಪಿಸುಗುಟ್ಟಿದಳು: “ಕೇಳ್ರೋ. ನಾವು ಮರದ ಹಿಂದೆ ನಿಂತಿದ್ವಿ. ಏನೂ ನೋಡ್ಲಿಲ್ಲ. ಅಪ್ಪ ಎಲ್ಲಿದ್ರು?”

“ಮರದ ಹಿಂದೆ,” ಎಂದವು ಮಕ್ಕಳು.

“ಅಜ್ಜಿ?”

“ಅಜ್ಜಿ ಹಿಂದೆ ಮರ,” ಎಂದ ಕಿರಿಯವ.

ಊರಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಸಾಕಾರಿಯನ ಮನೆಯ ಕಂಬಗಳ ನಡುವೆ ಅರ್ಧ ಊರೇ ಸೇರಿತ್ತು. ಪಾದ್ರಿಗಳೂ ಗೌರವದ ಚಾಪೆಯ ಮೇಲೆ ಕೂತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದರೆ ಗೋಡೆಗಳಿಲ್ಲದ ಊರು.

“ಬಾರೋ ಎಲಿಸಾಯ!” ಎಂದು ಸಾಕಾರಿಯ ಕೂಗಿದ. “ಇವತ್ತಿನ ಮೆರವಣಿಗೆ ನೋಡಿದ್ಯಾ? ಆ ದುಂಬಿಯವನನ್ನ ನೋಡಿದ್ಯಾ?”

“ಇಲ್ಲ.”

“ಅದೇ ನೀಲಿ ಬಟ್ಟೆ ಕಣೋ! ನಿಂದೇ ಬಟ್ಟೆ! ನೀವೂ ಅವರ ಜೊತೆ ಇದ್ರಾ ಹೇಗೆ?”

“ಇಲ್ಲ, ಇಲ್ಲ! ಮರದ ಹಿಂದೆ ಇದ್ವಿ.” ಹಿರಿಯ ಹುಡುಗ ಬಾಯಿ ತೆರೆದ. ಫುವಾಟಿನೊ ಅದರೊಳಗೆ ಒಂದು ತುಂಡು ಬ್ರೆಡ್ಡು ತುರುಕಿದಳು.

ಪಾದ್ರಿಗಳು ಕೇಳಿದರು: “ನಿಜವಾಗಿ ಏನೂ ನೋಡ್ಲಿಲ್ವೇ ಎಲಿಸಾಯ?”

ಎಲಿಸಾಯನ ಕಣ್ಣ ಮುಂದೆ ಪೊಲೀಸ್ ಠಾಣೆ ಬಂತು. ಅವನು ಕೈ ಎತ್ತಿ, ಊರೆಲ್ಲ ಕೇಳುವ ಹಾಗೆ ಹೇಳಿದ: “ದೇವರಾಣೆ ಪಾದ್ರಿಗಳೇ. ಆ ಮೆರವಣಿಗೆಗೂ ನನಗೂ ಸಂಬಂಧ ಇಲ್ಲ. ಆ ರಸ್ತೆಗೇ ನಾನು ಕಾಲಿಟ್ಟಿಲ್ಲ.”

“ನಿನ್ನ ಹಣೇಬರಹ,” ಎಂದ ಸಾಕಾರಿಯ. “ಕೂತ್ಕೋ, ವಾರ್ತೆ ಬರ್ತಿದೆ. ಇಲ್ಲಾದ್ರೂ ನೋಡು.”

ಟೀವಿಯಲ್ಲಿ ಎಲಿಸಾಯ ಬಂದ. ಹಾರಗಳ ಮೇಲೆ ಎರಡು ಕಣ್ಣು. ಹಿಂದಿನವರೆಲ್ಲ ಮೀನಿನವರ ಗುಂಪಿನಲ್ಲಿ ಮರೆಯಾಗಿದ್ದರು. ಕೆಳಗೆ ನೆಟ್ಟಗಿನ ಬೆನ್ನು. ಹೆಜ್ಜೆ ಇಟ್ಟರೆ ನೆಲ ಜಾಗ ಬಿಡಬೇಕು ಅನ್ನುವ ನಡಿಗೆ. ನೆರೆದವರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ದುಂಬಿ ಅಜ್ಜನಿಗೆ ತಲೆ ಬಾಗಿಸಿದಾಗ ಪಾದ್ರಿಗಳು ಕಣ್ಣೊರೆಸಿಕೊಂಡರು. ಎಲಿಸಾಯನೂ ಒರೆಸಿಕೊಂಡ. ಅವನಿಗೂ ಈಗಲೇ ಅದು ಸರಿಯಾಗಿ ಕಂಡದ್ದು.

“ಆ ಲಾರಿ ಮೇಲಿನ ಹೆಂಗಸು ಯಾರೋ?” ಎಂದಳು ಒಬ್ಬಳು.

“ಯಾರೋ ದೊಡ್ಡ ಅಧಿಕಾರಿ,” ಎಂದ ಸಾಕಾರಿಯ.

“ಚೆನ್ನಾಗಿದ್ದಾಳಲ್ವಾ?” ಎಂದಳು ಮೊಯೆಲಾಂಗಿ, ತಡೆಯಲಾರದೆ.

“ಹೆಲ್ಮೆಟ್ಟಲ್ಲಿ ಏನು ಕಾಣತ್ತೆ ಅಜ್ಜಿ?”

ಆಮೇಲೆ ಸಮಿತಿಯ ಅಧ್ಯಕ್ಷರು ಬಂದರು. ಎಲಿಸಾಯ ಕಂಬ ಹಿಡಿದುಕೊಂಡ. ಅಧ್ಯಕ್ಷರು ಹೇಳಿದರು: “ಇಷ್ಟು ವರ್ಷ ನಾವು ಜನರನ್ನು ಮೆರವಣಿಗೆಗೆ ಕರೆದೆವು. ಇಂದು ಒಬ್ಬರು ಮೆರವಣಿಗೆಯನ್ನೇ ಜನರ ಬಳಿಗೆ ಕೊಂಡೊಯ್ದರು. ಅವರನ್ನು ಗೌರವಿಸಬೇಕೆಂದು ಬೆಳಗ್ಗೆಯಿಂದ ಹುಡುಕಿಸಿದೆವು. ಇನ್ನು ಮುಂದೆ ಪ್ರತಿವರ್ಷ ಅದೇ ದಾರಿ, ಅವರದೇ ಮುಂದಾಳತ್ವ.” ಪರದೆಯ ಮೇಲೆ ಹೆಂಗಸರು ನಯವಾದ ಹಳೆಯ ಚಾಪೆಯೊಂದನ್ನು ಬಿಚ್ಚಿದರು. ನಾಡಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಅದನ್ನು ನೀಲಿ ಅಂಗಿಯ ಎತ್ತರದ ಒಬ್ಬಾತನ ಹೆಗಲಿಗೆ ಹೊದಿಸಿದರು. ಸೇತುವೆಯಿಂದ ಆಗ ತಾನೇ ಬಿಡಿಸಿಕೊಂಡು ಬಂದ ದುಂಬಿ ಇಲಾಖೆಯ ನಿರ್ದೇಶಕರು ಅವರು. ಅವರು ಏನೋ ಹೇಳಲು ಬಾಯಿ ತೆರೆದು, ಚಾಪೆಯನ್ನು ಮುಟ್ಟಿ ನೋಡಿ, ಬಾಯಿ ಮುಚ್ಚಿಕೊಂಡು ನಕ್ಕರು.

“ಎಂಥ ವಿನಯ ನೋಡಿ!” ಎಂದರು ಪಾದ್ರಿಗಳು.

ಎಲಿಸಾಯನ ಬಾಯಿಂದ, “ಅದು...” ಎಂದು ಹೊರಟಿತು. ಪಾದ್ರಿಗಳು ತಿರುಗಿ ನೋಡಿದರು. ದೇವರ ಮೇಲೆ ಇಟ್ಟ ಆಣೆ ಇನ್ನೂ ಬಿಸಿಯಾಗಿತ್ತು. “ಅದು... ಒಳ್ಳೇ ಚಾಪೆ,” ಎಂದು ಮುಗಿಸಿದ. ಫುವಾಟಿನೊ ಕೈಯಲ್ಲಿದ್ದ ಬ್ರೆಡ್ಡನ್ನು ತನ್ನ ಬಾಯಿಗೇ ತುರುಕಿಕೊಂಡಳು.

“ನೋಡ್ಕೋ ಎಲಿಸಾಯ,” ಎಂದ ಸಾಕಾರಿಯ. “ಬಟ್ಟೆ ಒಂದೇ ಆದ್ರೆ ಸಾಕಾ? ಒಳಗಡೆ ಗಂಡಸು ಬೇಕಲ್ಲ!”

ಎಲ್ಲರೂ ನಕ್ಕರು. ಆಗ ಮೊಯೆಲಾಂಗಿ ಎದ್ದು ನಿಂತಳು. ಮನೆಯ ಬೆಳಕು ಅರ್ಧ ಕಡಿಮೆಯಾಯಿತು.

“ನಗಬೇಡ್ರೋ,” ಎಂದಳು. “ಆ ಚಾಪೆಯವನಿಗಿಂತ ನನ್ನ ಅಳಿಯ ಚೆನ್ನಾಗಿ ನಡೀತಾನೆ. ಆಕ್ಲೆಂಡಿನವನಿಗಿಂತಲೂ ಚೆನ್ನಾಗಿ ನಡೀತಾನೆ. ನಾನು ಹೇಳ್ತಿದ್ದೀನಿ.”

ಇಷ್ಟು ವರ್ಷಗಳಲ್ಲಿ ಅತ್ತೆ ಅವನನ್ನು ‘ನನ್ನ ಅಳಿಯ’ ಎಂದದ್ದು ಇದೇ ಮೊದಲು. ಎಲಿಸಾಯನ ಎದೆ ಬೆಳಗ್ಗೆಗಿಂತ ಒಂದು ಗೇಣು ಹೆಚ್ಚೇ ಉಬ್ಬಿತು. ಊರವರಿಗೆ ಮಾತ್ರ ನಗು ತಡೆಯಲಾಗಲಿಲ್ಲ.

“ಹಾಗಾದ್ರೆ ನಡೆದು ತೋರಿಸಲಿ!” ಎಂದ ಸಾಕಾರಿಯ. “ನಡೀರಿ ಎಲ್ರೂ, ಅಂಗಳಕ್ಕೆ!”

ಅಂಗಳದ ಹುಲ್ಲಿನ ಮೇಲೆ ಎಲಿಸಾಯನನ್ನು ನಿಲ್ಲಿಸಿ, ಕೈಗೆ ದೋಣಿಯ ಹುಟ್ಟುಗೋಲೊಂದನ್ನು ಕೊಟ್ಟರು. ಸುತ್ತ ಊರು ಕೂತಿತು. ಎಲಿಸಾಯ ಎದೆ ಮುಂದೆ ಮಾಡಿ, ಗಲ್ಲ ಎತ್ತಿ, ಕಾಲು ಎತ್ತಿ ಇಟ್ಟ. ಮುಲಿನೂದಿಂದ ಬಸ್ ನಿಲ್ದಾಣದವರೆಗೆ ಟಾರು ರಸ್ತೆಯಲ್ಲಿ ನೆಲ ಕುಟ್ಟಿಕೊಂಡು ನಡೆದ ಅಂಗಾಲು ಬೊಬ್ಬೆಯೆದ್ದು ಊದಿತ್ತು. “ಅಯ್ಯಪ್ಪಾ!” ಎಂದು ಅವನು ಒಂಟಿಕಾಲಿನಲ್ಲಿ ಕುಪ್ಪಳಿಸಿ, ಹುಟ್ಟುಗೋಲಿಗೆ ಎಡವಿ, ಪಾದ್ರಿಗಳ ಮಡಿಲಿನ ಹತ್ತಿರ ಹೋಗಿ ನಿಂತ.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಕಾರಿಯ ನಗಲಿಲ್ಲ. ಅವನಿಗೆ ನಿಜವಾಗಿ ಮರುಕ ಬಂದಿತ್ತು. ಅವನು ಎದ್ದು ಬಂದು, ಹುಟ್ಟುಗೋಲನ್ನು ತನ್ನ ಕೈಗೆ ತೆಗೆದುಕೊಂಡು, ಎಲಿಸಾಯನ ಹೆಗಲ ಮೇಲೆ ಕೈ ಇಟ್ಟ.

“ಬೇಜಾರು ಮಾಡ್ಕೋಬೇಡ ಮಾರಾಯ. ಆ ಮನುಷ್ಯನ ನಡಿಗೆ ಎಲ್ಲರಿಗೂ ಬರಲ್ಲ. ನಾನು ಬೆಳಗ್ಗೆಯಿಂದ ಟೀವಿಯಲ್ಲಿ ನೋಡಿ ನೋಡಿ ಕಲ್ತಿದ್ದೀನಿ, ನಿನಗೂ ಕಲಿಸಿಕೊಡ್ತೀನಿ. ದಿನಾ ಸಂಜೆ ಬಾ. ಮೊದಲು ಗಲ್ಲ. ಹೀಗೆ. ಅವನು ಹೀಗೆ ಎತ್ತಿದ್ದ.”

“ಇನ್ನೂ ಸ್ವಲ್ಪ ಮೇಲೆ ಎತ್ತಿದ್ದ,” ಎಂದ ಎಲಿಸಾಯ, ಮೆಲ್ಲಗೆ.

“ನೀನು ಮರದ ಹಿಂದೆ ಇದ್ದವನು. ಸುಮ್ನೆ ನೋಡು,” ಎಂದ ಸಾಕಾರಿಯ.